ಹದಿಮೂರನೆಯ ಬಳೆ

ಆ ಸಿನಿಮಾದಲ್ಲಿ ನನ್ನದು ಲೆಕ್ಕ ಇಡುವ ಕೆಲಸ. ಒಂದು ಶಾಟ್‌ನಿಂದ ಇನ್ನೊಂದಕ್ಕೆ ಏನೂ ಬದಲಾಗದಂತೆ ಬರೆದಿಟ್ಟುಕೊಳ್ಳಬೇಕು: ಲೋಟದಲ್ಲಿ ಕಾಫಿ ಎಷ್ಟಿತ್ತು, ಸೆರಗು ಯಾವ ಹೆಗಲ ಮೇಲಿತ್ತು, ಕೈಯಲ್ಲಿ ಬಳೆ ಎಷ್ಟು. ನೊಣವಿನಕೆರೆ ಹತ್ತಿರದ ತೋಟದ ಮನೆಯಲ್ಲಿ ಹತ್ತೊಂಬತ್ತು ದಿನ ಚಿತ್ರೀಕರಣ. ಕತೆ ಚಿಕ್ಕದು. ಗಂಡ ಸಾಯುತ್ತಿದ್ದಾನೆ, ಇಬ್ಬರಿಗೂ ಗೊತ್ತು, ಇಬ್ಬರೂ ಹೇಳಿಕೊಳ್ಳುವುದಿಲ್ಲ. ಹೆಂಡತಿಯ ಪಾತ್ರಕ್ಕೆ ನಟಿಯಲ್ಲದವರು ಬೇಕು ಎಂದು ನಿರ್ದೇಶಕ ಕೇಳಿದಾಗ ನನ್ನ ದೊಡ್ಡಮ್ಮನನ್ನು ಒಪ್ಪಿಸಿದವಳು ನಾನೇ. ಆಗ ದೊಡ್ಡಪ್ಪ ಮಂಗಳವಾರ, ಶುಕ್ರವಾರ ತಿಪಟೂರಿಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು.

ಹದಿನಾಲ್ಕನೆಯ ದಿನ, ಬುಧವಾರ, ಗಂಡ ಸತ್ತ ಮೇಲೆ ಬಳೆ ಒಡೆಯುವ ದೃಶ್ಯ. ದೊಡ್ಡಮ್ಮ ಜಗಲಿಯಿಂದ ಏಳಲಿಲ್ಲ.

"ಮನೇಲಿ ಗಂಡನ್ನ ಇಟ್ಕೊಂಡು ಬಳೆ ಒಡ್ಕೊಳ್ಳಾ? ನಿನ್ ತಲೆ ನೆಟ್ಟಗೈತಾ?" ಎಂದು ನನ್ನನ್ನು ಬೈದಳು.

ಶೂಟಿಂಗ್ ನೋಡಲು ಬಂದಿದ್ದ ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಗುತ್ತಿದ್ದರು. "ಒಡಿಯೇ. ನಾನ್ ಹೋದ್ಮೇಲೆ ಹೆಂಗ್ ಅಳ್ತೀಯೋ ಈಗ್ಲೇ ನೋಡ್ಬುಡ್ತೀನಿ. ಇಂಥ ಚಾನ್ಸು ಯಾರಿಗ್ ಸಿಕ್ತದೆ?"

"ಬಾಯ್ ಮುಚ್ಕೊಂಡ್ ಕೂತ್ಕಳಿ ಸುಮ್ನೆ," ಎಂದು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಕ್ಯಾಮೆರಾ ಮುಂದೆ ಕೂತಳು.

ಪ್ರತಿ ಟೇಕ್‌ಗೂ ಒಂದೊಂದು ಕೈಗೆ ಆರು ಹೊಸ ಹಸಿರು ಗಾಜಿನ ಬಳೆ, ಒಟ್ಟು ಹನ್ನೆರಡು. ಮೂರನೆಯ ಟೇಕ್ ಸರಿಹೋಯಿತು. ಅವಳು ಹನ್ನೆರಡನ್ನೂ ಒಡೆದು ದೊಡ್ಡಪ್ಪನನ್ನೇ ನೋಡುತ್ತ ಅತ್ತಳು. ಅತ್ತು ಕೈ ಮಡಿಲಿಗೆ ಇಳಿಸಿದಾಗ ರವಿಕೆಯ ಉದ್ದ ತೋಳಿನೊಳಗಿಂದ ಸಡಿಲವಾದ ಹಸಿರು ಬಳೆಯೊಂದು ಮಣಿಕಟ್ಟಿಗೆ ಜಾರಿತು. ನಮ್ಮ ಕಡೆ ಹೊಸ ಬಳೆ ತೊಡುವಾಗಲೂ ಹೆಂಗಸರು ಹಳೆಯದೊಂದನ್ನು ಉಳಿಸಿಕೊಂಡೇ ಏರಿಸಿಕೊಳ್ಳುತ್ತಾರೆ. ಗಂಡನಿರುವಾಗ ಕೈ ಒಂದು ಗಳಿಗೆಯೂ ಬರಿದಾಗಬಾರದು. ಉಳಿದವರೆಲ್ಲ ಅವಳ ಮುಖ ನೋಡುತ್ತಿದ್ದರು. ನಾನು ಬಳೆ ನೋಡಿದ್ದು ಅವಳಿಗೆ ಗೊತ್ತಾಯಿತು. "ಒಡೆದದ್ದು ಹನ್ನೆರಡು, ಉಳಿದದ್ದು ಸೊನ್ನೆ" ಎಂದು ಬರೆದೆ. ಆ ಪುಸ್ತಕದಲ್ಲಿ ನಾನು ಗೊತ್ತಿದ್ದೂ ಬರೆದ ಸುಳ್ಳು ಅದೊಂದೇ.

ಐದು ತಿಂಗಳಿಗೆ ದೊಡ್ಡಪ್ಪ ತೀರಿಕೊಂಡರು. ಅದಾದ ಇಪ್ಪತ್ತಾರನೆಯ ದಿನ ನಿರ್ದೇಶಕನ ಫೋನು. ಎಡಿಟಿಂಗ್‌ನಲ್ಲಿ ಬಳೆ ಕಣ್ಣಿಗೆ ಬಿದ್ದಿತ್ತು. ದೊಡ್ಡಮ್ಮ ನನ್ನ ಪಕ್ಕದಲ್ಲೇ ಕೂತು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದಳು.

"ಆ ಶಾಟ್ ಮತ್ತೆ ತೆಗೀಬೇಕು. ಕೈ ಮಾತ್ರ ಸಾಕು, ಅರ್ಧ ಗಂಟೆ. ಕೇಳಿ ನೋಡಿ," ಎಂದ.

"ಏನಂತೆ?" ಎಂದಳು ದೊಡ್ಡಮ್ಮ. ಹೇಳಿದೆ.

"ತಿರ್ಗ ಹಾಕ್ಕೊಂಡು ತಿರ್ಗ ಒಡೀಬೇಕಾ?"

"ಹೂಂ."

ಚಾಕು ನಿಂತಿತು. "ಆ ಬಳೆ ಫಿಲಂನಾಗೆ ಕಾಣ್ತೈತಾ?"

"ಕಾಣ್ತೈತೆ ದೊಡ್ಡಮ್ಮ."

"ಅಂದ್ರೆ ನನ್ ಕೈ ಬರಿದಾಗ್ಲಿಲ್ಲ."

"ಇಲ್ಲ."

"ಮತ್ಯಾಕ್ ಹೋದ್ರು?"

ಯಾವ ತಾರೀಕಿನ ರಕ್ತದ ರಿಪೋರ್ಟ್‌ನಲ್ಲಿ ಏನು ಬಂದಿತ್ತು, ಯಾವ ಶುಕ್ರವಾರ ಡಯಾಲಿಸಿಸ್ ತಪ್ಪಿತ್ತು, ಎಲ್ಲವೂ ನನ್ನ ಡೈರಿಯಲ್ಲಿತ್ತು. ಅವಳಿಗೆ ಅದನ್ನು ಓದಿ ಹೇಳುವುದು ಹೇಗೆ? ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಫೋನಿನಲ್ಲಿ ಅವನು ಹಲೋ, ಹಲೋ ಎನ್ನುತ್ತಲೇ ಇದ್ದ.