ಟೈಮ್‌ಕೀಪರ್ ಮನೆಯ ಊಟ

ಬಸ್ ನಿಲ್ದಾಣದಲ್ಲಿ ದಿನವಿಡೀ ಸೀಟಿ ಊದಿ ಬಸ್ಸು ಹೊರಡಿಸುವ ಟೈಮ್‌ಕೀಪರನಿಗೆ ಸಂಜೆ ಮನೆಗೆ ಬಂದರೂ ಅದೇ ಚಾಕರಿ. ಹೆಂಡತಿಗೆ ಆಸ್ಪತ್ರೆಯಲ್ಲಿ ಸಂಜೆಯ ಪಾಳಿ, ಹಾಗಾಗಿ ಇಬ್ಬರು ಮಕ್ಕಳ ಊಟ ಇವನ ತಲೆಗೆ. ಶೂ ಬಿಚ್ಚುವ ಮೊದಲೇ ಕುಕ್ಕರ್ ಒಲೆ ಏರಿರುತ್ತದೆ. ಈರುಳ್ಳಿ ಹೆಚ್ಚುತ್ತಲೇ ಮಗನಿಂದ ಮಗ್ಗಿ ಹೇಳಿಸುತ್ತಾನೆ, ಬೇಳೆ ಬೇಯುವಷ್ಟರಲ್ಲಿ ನಾಳೆಯ ಯೂನಿಫಾರ್ಮಿಗೆ ಇಸ್ತ್ರಿ ಮುಗಿಸುತ್ತಾನೆ. ಏಳು ನಲವತ್ತಕ್ಕೆ ತಟ್ಟೆ, ಏಳು ನಲವತ್ತೈದಕ್ಕೆ ಅನ್ನ, ಎಂಟೂ ಐದಕ್ಕೆ ಎಲ್ಲರೂ ಕೈ ತೊಳೆದಿರಬೇಕು. ತಡವಾಯಿತೋ, "ಬನ್ರೀ, ಹತ್ರೀ, ಬಸ್ಸು ಯಾರಿಗೂ ಕಾಯಲ್ಲ!" ಎಂದು ಸೌಟಿನಿಂದ ಪಾತ್ರೆ ಬಡಿಯುತ್ತಾನೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಪಕ್ಕದ ಮನೆಯಾಕೆ ಆ ಸದ್ದು ಕೇಳಿಯೇ ತನ್ನ ಗಡಿಯಾರ ಸರಿಮಾಡಿಕೊಳ್ಳುತ್ತಾಳಂತೆ. ಎಂಟು ವರ್ಷದ ಮಗಳು ಮಾತ್ರ ತುತ್ತನ್ನು ಕೈಯಲ್ಲೇ ಹಿಡಿದು, "ಅಪ್ಪಾ, ಇವತ್ತು ಸ್ಕೂಲಲ್ಲಿ ಏನಾಯ್ತು ಗೊತ್ತಾ..." ಎಂದು ದಿನವೂ ಶುರುಮಾಡುತ್ತಿದ್ದಳು. "ಮೊದ್ಲು ತಿನ್ನಮ್ಮ, ಆಮೇಲೆ ಹೇಳ್ವಂತೆ" ಎನ್ನುತ್ತಿದ್ದ. ಆಮೇಲೆ ಪಾತ್ರೆ ತೊಳೆಯುವುದು, ಹಾಸಿಗೆ ಹಾಸುವುದು. ಅಷ್ಟರಲ್ಲಿ ಅವಳಿಗೆ ನಿದ್ದೆ. ಮೊನ್ನೆ ಅವಳು ತುಟಿ ಪಿಟಕ್ಕೆನ್ನದೆ ಉಣ್ಣುತ್ತಿರುವುದು ಯಾಕೋ ಅವನ ಕಣ್ಣಿಗೆ ಬಿತ್ತು. ಸೌಟು ಕೆಳಗಿಟ್ಟು ಎದುರು ಕೂತ. "ದಿನಾ ಏನೋ ಹೇಳ್ತಿದ್ಯಲ್ಲ ಪುಟ್ಟಿ, ಹೇಳು, ಕೇಳ್ತೀನಿ." ಅವಳು ಗೋಡೆಯ ಗಡಿಯಾರ ನೋಡಿ, "ಏನಿಲ್ಲಪ್ಪಾ, ಬೇಗ ತಿಂತೀನಿ" ಎಂದಳು. ಅಂದು ಊಟ ಹತ್ತು ನಿಮಿಷ ಮೊದಲೇ ಮುಗಿಯಿತು; ಆ ಹತ್ತು ನಿಮಿಷವನ್ನು ಏನು ಮಾಡುವುದೆಂದು ಟೈಮ್‌ಕೀಪರನಿಗೆ ತೋಚಲಿಲ್ಲ.