ಕರಿಕಲ್ಲಿನ ಆಚೆಯ ಬೆಳ್ಳಿ

ಹಣ್ಣಿನಂಗಡಿಯಲ್ಲಿ ಶ್ರೀನಿವಾಸಪುರದ ಮಾವಿನ ಬುಟ್ಟಿಗೆ ಬಗ್ಗಿದಾಗಲೆಲ್ಲ ಹಣ್ಣಿಗಿಂತ ಮೊದಲು ಮೂಗಿಗೆ ಬರುವುದು ಕಾರ್ಬೈಡ್ ವಾಸನೆ, ಕೆಟ್ಟ ಬೆಳ್ಳುಳ್ಳಿಯಂಥದ್ದು. ನೀವೆಲ್ಲ ಮುಖ ಸಿಂಡರಿಸುತ್ತೀರಿ. ನನಗೆ ಅದು ಅಪ್ಪನ ಅಂಗಿಯ ವಾಸನೆ. ಎಪ್ಪತ್ತರ ದಶಕದಲ್ಲಿ ಟೇಕಲ್ ಕಡೆಯ ಗುಡ್ಡವೊಂದರಲ್ಲಿದ್ದ ಹಳೆಯ ಸೀಸದ ಗಣಿಯನ್ನು ಅಪ್ಪ, ಚಿಕ್ಕಪ್ಪ ಸೇರಿ ನಡೆಸುತ್ತಿದ್ದರು. ಸಂಜೆ ಅಪ್ಪ ಗಣಿಯೊಳಗೆ ಹಿಡಿಯುವ ಕಾರ್ಬೈಡ್ ಲ್ಯಾಂಪನ್ನು ಹಜಾರದ ಗೂಟಕ್ಕೆ ನೇತುಹಾಕಿದರೆ ಮನೆಯೆಲ್ಲ ಅದೇ ಘಾಟು. ಅಲ್ಲಿನ ಅದಿರು ಕನ್ನಡಿಯಂತೆ ಹೊಳೆಯುತ್ತಿತ್ತು, ಒಡೆದರೆ ಪುಟ್ಟ ಪುಟ್ಟ ಚೌಕಗಳಾಗಿ ಬೀಳುತ್ತಿತ್ತು. ಆ ಹೊಳಪು ಬರೀ ಸೀಸದ್ದು. ಬೆಳ್ಳಿ ಕಣ್ಣಿಗೆ ಕಾಣದೆ ಒಳಗಿರುತ್ತಿತ್ತು. ಹಿತ್ತಲ ಕುಲುಮೆಯಲ್ಲಿ ಸೀಸವೆಲ್ಲ ಕಳೆದ ಮೇಲೆ ಮೂಳೆಬೂದಿಯ ಬಟ್ಟಲಲ್ಲಿ ಸಾಸಿವೆಯಷ್ಟು ಮಿನುಗು ಉಳಿಯುತ್ತಿತ್ತು. ಸೋ ಪ್ರೆಟಿ!

ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬಂದರೆ ನನಗೆ ಬ್ರೆಡ್ಡು ಜಾಮೇ ಆಗಬೇಕು. ಒಂದು ಬೆಳಿಗ್ಗೆ ಅಪ್ಪ ನನ್ನ ಸ್ಯಾಂಡ್‌ವಿಚ್ಚನ್ನು ನಡುವೆ ಕತ್ತರಿಸಿ, ಒಂದು ಹೋಳನ್ನು ತುಸು ಕೆಳಕ್ಕೆ ಸರಿಸಿ ಹಿಡಿದರು. "ನೋಡೇ, ಈ ಜಾಮೇ ನಮ್ಮ ಅದಿರಿನ ಪಟ್ಟೆ. ಸುರಂಗದ ತುದೀಲಿ ಕರಿಕಲ್ಲು ಅಡ್ಡ ಬಂತು, ಮುಗೀತು ಅಂತಾರಲ್ಲ, ಮುಗಿದಿಲ್ಲ ಕಣೇ. ಆಚೆ ಕಡೆ ನೆಲ ಕುಸಿದು ಪಟ್ಟೆ ಕೆಳಕ್ಕೆ ಜಾರಿದೆ, ಅಷ್ಟೆ. ಖಾತ್ರಿ ಆಗ್ಲಿ, ತಮ್ಮಂಗೆ ಹೇಳ್ತೀನಿ." ಅಮ್ಮ ಕಾಫಿ ಸೋಸುತ್ತ, "ಎಂಜಲು ಕೈಲಿ ಪಾಠ ಬೇರೆ" ಎಂದು ನಕ್ಕಳು.

ಗಣಿಯೊಳಗೆ ಚಾವಣಿ ನಿಲ್ಲಲೆಂದು ಅಲ್ಲಲ್ಲಿ ಅದಿರನ್ನೇ ಕಂಬಗಳಂತೆ ಕಡಿಯದೆ ಬಿಡುತ್ತಾರೆ. ಅಪ್ಪ ಕೋಲಾರಕ್ಕೆ ಹೋಗಿದ್ದಾಗ ಚಿಕ್ಕಪ್ಪ ಆ ಕಂಬಗಳನ್ನು ಕಡಿಸಿದರು; ಉಳಿದಿದ್ದ ಒಳ್ಳೆಯ ಅದಿರು ಅಲ್ಲೇ ಇತ್ತಲ್ಲ. ಹಿಂತಿರುಗಿದ ಅಪ್ಪ ಮರದ ಆಸರೆ ಕೊಡಲು ಒಳಗೆ ಹೋದರು. ಚಾವಣಿ ಅವರ ಮೇಲೆ ಕುಸಿಯಿತು. ವೈಕುಂಠ ಸಮಾರಾಧನೆಯ ದಿನ ಚಿಕ್ಕಪ್ಪ ಪಾಯಸವನ್ನು ಮತ್ತೆ ಹಾಕಿಸಿಕೊಂಡು, "ಅಣ್ಣಂಗೆ ಮೊದಲಿಂದ್ಲೂ ಆತುರ" ಎಂದರು. ಅಮ್ಮ ಬಾಗಿಲ ಹಿಂದೆ ನಿಂತಿದ್ದಳು.

ಗಣಿಯನ್ನು ಮತ್ತೆ ತೆರೆಯುವಾಗ ಚಿಕ್ಕಪ್ಪ ಅಡುಗೆಮನೆಗೆ ಬಂದರು. "ಅತ್ತಿಗೇ, ಆ ಕರಿಕಲ್ಲಿನ ವಿಷ್ಯ ಅಣ್ಣ ಏನಾದ್ರೂ ಹೇಳಿದ್ನಾ?"

"ನಂಗೇನ್ ಗೊತ್ತಪ್ಪ, ಒಲೆ ಮುಂದಿನ ಹೆಂಗ್ಸು."

"ಪುಟ್ಟೀ, ನಿಂಗೇನಮ್ಮ?"

"ಕಾನ್ವೆಂಟಲ್ಲಿ ಗಣಿ ಪಾಠ ಮಾಡಲ್ಲ ಚಿಕ್ಕಪ್ಪ" ಎಂದೆ. ಅಮ್ಮ ನನ್ನ ತಟ್ಟೆಗೆ ಇನ್ನೊಂದು ಚಮಚ ಜಾಮ್ ಹಾಕಿದಳು. ಅವರು ಕರಿಕಲ್ಲನ್ನು ಸೀಳಿಕೊಂಡು ನೇರಕ್ಕೇ ಕೊರೆಸಿದರು, ವರ್ಷಗಟ್ಟಲೆ. ಬರೀ ಬಂಡೆ. ಯಲ್ದೂರಿನ ಅವರ ಮಾವಿನ ತೋಪು ಸಾಲಕ್ಕೆ ಹೋಯಿತು. ಕೊನೆಗೆ ನಾವೆಲ್ಲ ಒಟ್ಟಿಗಿದ್ದ ಮನೆಯೂ ಹೋಯಿತು, ಆ ಹಜಾರ, ಆ ಗೂಟ, ಹಿತ್ತಲ ಕುಲುಮೆ. ಆ ಮನೆಗಾಗಿ ನಾನು ಈಗಲೂ ಅಳುತ್ತೇನೆ. ಅಮ್ಮ ಅಳಲಿಲ್ಲ. ಅಪ್ಪನ ಲ್ಯಾಂಪೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.

ಚಿಕ್ಕಪ್ಪ ಮಾಲೂರಿನಲ್ಲಿ ಹಾಸಿಗೆ ಹಿಡಿದಿದ್ದಾಗ ನೋಡಲು ಹೋದೆ. ಆ ಹೊತ್ತಿಗೆ ಅಮ್ಮನೂ ಇರಲಿಲ್ಲ. "ಆ ಕಲ್ಲಿನಾಚೆ ಎಲ್ಲಿಗೆ ಹೋಯ್ತಮ್ಮ ಅದು?" ಎಂದರು. ಐ ಕುಡ್ ಹ್ಯಾವ್ ಟೋಲ್ಡ್ ಹಿಮ್. ತಂದಿದ್ದ ಬ್ರೆಡ್ಡಿಗೆ ಜಾಮ್ ಸವರಿ, ಮೇಲೊಂದು ಬ್ರೆಡ್ಡು ಮುಚ್ಚಿ, ಕತ್ತರಿಸದೆ, ಇಡಿಯಾಗಿ ಅವರ ಕೈಗಿಟ್ಟೆ.