ಎಪ್ಪತ್ತಕ್ಕೆ ಒಂದು ಗ್ರಾಂ ಕಡಿಮೆ

ಹೋದ ತಿಂಗಳು ತೀರಿಕೊಂಡ ರಘೋತ್ತಮ ರಾಮದುರ್ಗದ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ರಸಾಯನಶಾಸ್ತ್ರ ಕಲಿಸಿದ. ಪ್ರಯೋಗಶಾಲೆಯ ಗೋಡೆಯ ಮೇಲೆ ಅವನ ಒಂದೇ ಕಟ್ಟಳೆ ಇತ್ತು: ನನಗೆ ತೋರಿಸದೆ ಏನನ್ನೂ ಮೋರಿಗೆ ಚೆಲ್ಲಬೇಡಿ. ಹುಡುಗರು ಅದನ್ನು ಓದಿ ನಗುತ್ತಿದ್ದರು. ಆದರೆ ಒಂದು ಮಧ್ಯಾಹ್ನ ಯಾರೂ ನಗಲಿಲ್ಲ.

ಬೆಳಿಗ್ಗೆಯಷ್ಟೇ ಸೀಲು ತೆಗೆದ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯಲ್ಲಿ ನೂರು ಮಿಲಿಲೀಟರ್ ಕಡಿಮೆಯಾಗಿತ್ತು. ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ಕಾಡಿದ ಹುಡುಗನೊಬ್ಬನಿಗೆ "ಮಾರಿಗೆ ಆ್ಯಸಿಡ್ ಹಾಕತೇನಿ" ಎಂದು ಎರಡನೇ ವರ್ಷದ ಐಶ್ವರ್ಯಾ ಎಲ್ಲರೆದುರು ಕೂಗಿದ್ದಳು. ಪ್ರಾಚಾರ್ಯ ವಿರೂಪಾಕ್ಷ ಅವಳನ್ನು ಪ್ರಯೋಗಶಾಲೆಯಲ್ಲೇ ನಿಲ್ಲಿಸಿಕೊಂಡು, ಪೊಲೀಸರಿಗೆ ತಿಳಿಸಲು ಫೋನು ಕೈಗೆತ್ತಿಕೊಂಡಿದ್ದರು.

"ಯಾರ ಕೈಯಾಗ ಕೊಟ್ಟಿ?"

"ಕೈ ತಪ್ಪಿ ಚೆಲ್ಲಿತ್ರಿ ಸರ. ಬುರುಗು ನಿಲ್ಲೂ ಮಟ ಸೋಡಾ ಹಾಕಿ, ಒರಸಿ ಬಕೀಟಿನ್ಯಾಗ ಹಿಂಡೇನ್ರಿ."

ರಘೋತ್ತಮ ಬಕೆಟಿನ ನೀರಿಗೆ ಲಿಟ್ಮಸ್ ಕಾಗದ ಅದ್ದಿದ. ಕೆಂಪೂ ಬದಲಾಗಲಿಲ್ಲ, ನೀಲಿಯೂ ಬದಲಾಗಲಿಲ್ಲ.

"ಆ್ಯಸಿಡ್ ಇಲ್ಲಂತಾತಲ್ಲ!" ಎಂದರು ಪ್ರಾಚಾರ್ಯರು.

"ಅದು ಉಪ್ಪಾಗಿರತದರಿ, ಮಾಯ ಆಗಿರೂದಿಲ್ಲ. ನೂರು ಮಿಲಿಲೀಟರಿನೊಳಗ ಸುಮಾರು ನಲವತ್ನಾಕು ಗ್ರಾಂ ಆಮ್ಲ. ಅದಕ್ಕ ಎಪ್ಪತ್ತು ಗ್ರಾಂ ಉಪ್ಪು ಬರಬೇಕು."

"ನಲವತ್ನಾಕು ಎಪ್ಪತ್ತು ಹ್ಯಾಂಗಾತು?"

"ಹೆಚ್ಚಿಂದು ಸೋಡಾದಿಂದ ಬಂದದ್ದರಿ. ಕುದಿಸಿ ತೂಗೂಣು. ತೂಕ ಬರದಿದ್ರ ಪೊಲೀಸರಿಗೆ ನಾನ ಫೋನ್ ಮಾಡತೇನಿ."

ನೀರನ್ನು ಸೋಸಿ ಅಗಲವಾದ ಪಾತ್ರೆಯಲ್ಲಿ ಒಲೆಗೇರಿಸಿದ. ನೀರು ಇಂಗಲು ಒಂದು ತಾಸು ಹಿಡಿಯಿತು. ಕಸಗುಡಿಸುವ ಶಟ್ಟೆವ್ವ ಒಳಗೆ ಬಂದು ರಘೋತ್ತಮನ ಪಾತ್ರೆಯತ್ತ ಇಣುಕಿ, "ಆಚಾರ್ರು ಇವತ್ತ ಸಾರು ಮಾಡಾಕ ಹತ್ಯಾರೇನ್ರಿ?" ಎಂದು ಕೇಳಿ, ಮೂಲೆಯಲ್ಲಿದ್ದ ಕಸ, ಒರೆಸುವ ಅರಿವೆ ಎತ್ತಿಕೊಂಡು ಹೋದಳು. ಕೊನೆಗೆ ಉಪ್ಪು ಚಟಪಟ ಸಿಡಿಯತೊಡಗಿತು. ಹಾರಿದ ಒಂದೊಂದು ಹರಳೂ ಐಶ್ವರ್ಯಾಳ ಪಾಲಿಗೆ ನಷ್ಟ. ಅವನು ಉರಿ ಸಣ್ಣದು ಮಾಡಿ ಮುಚ್ಚಳ ಹಿಡಿದ; ಮುಚ್ಚಳಕ್ಕೆ ಅಂಟಿದ್ದನ್ನೂ ಕೆರೆದು ತಕ್ಕಡಿಗೆ ಹಾಕಿದ.

ಐವತ್ತೆಂಟು.

"ಹನ್ನೆರಡು ಗ್ರಾಂ ಕಡಿಮಿ," ಎನ್ನುತ್ತಾ ಪ್ರಾಚಾರ್ಯರು ನಂಬರು ಒತ್ತತೊಡಗಿದರು. ರಘೋತ್ತಮ ನೆಲ ನೋಡಿದ. ಒಣಗಿ ಚೊಕ್ಕಾಗಿತ್ತು.

"ಯಾತರಲೆ ಒರಸಿದಿ?"

"ಅರಿವೀಲೆ ಸರ. ಶಟ್ಟೆವ್ವ ಆಯಿ ಈಗ ಒಯ್ದಳ್ರಿ."

ರಘೋತ್ತಮ ಓಡಿದ. ಅಂಗಳದಲ್ಲಿ ಶಟ್ಟೆವ್ವನ ಒಂದು ಕೈಯಲ್ಲಿ ಅರಿವೆ, ಇನ್ನೊಂದು ಕೈ ನಳದ ಮೇಲೆ.

"ನಳಾ ಬಿಡಬ್ಯಾಡ!"

"ಯಪ್ಪಾ, ನನ್ನ ಜೀವಾ ಹೋತು! ಹರಕ ಅರಿವಿರಿ ಇದು, ಪೀತಾಂಬರ ಅಲ್ಲ."

ಅರಿವೆ ಒಣಗಿ ಸೆಟೆದಿತ್ತು. ಮಡಿಕೆಗಳಲ್ಲಿ ಬಿಳಿ ಹರಳುಗಳು. ಮತ್ತೆ ನೆನೆಸಿ, ಸೋಸಿ, ಕುದಿಸಿದ. ಹನ್ನೊಂದು ಗ್ರಾಂ. ಒಟ್ಟು ಅರವತ್ತೊಂಬತ್ತು.

"ಇನ್ನೊಂದು ಗ್ರಾಂ?" ಎಂದರು ಪ್ರಾಚಾರ್ಯರು. ಫೋನು ಆಗಲೇ ಜೇಬು ಸೇರಿತ್ತು.

"ನೆಲದ ಫರಸಿ ಸಂದ್ಯಾಗ ಅದರಿ. ಕಿತ್ತಿ ತೋರಸಲ್ಯಾ?"

"ಬ್ಯಾಡ ಮಾರಾಯಾ." ಅವರು ಹುಡುಗಿಯತ್ತ ತಿರುಗಿದರು. "ಹೋಗವ್ವಾ, ನಾಳಿ ಕಾಲೇಜಿಗೆ ಬಾ."

ಪ್ರಾಚಾರ್ಯರು ಹೋದ ಮೇಲೆ ರಘೋತ್ತಮ ಹುಡುಗಿಯನ್ನು ಕೇಳಿದ, "ಚೆಲ್ಲಿದ ಕೂಡಲೆ ನನಗ್ಯಾಕ ಹೇಳಲಿಲ್ಲ?"

"ನೀವು ಬೈತೀರಂತ ಅಂಜಿದ್ನಿರಿ ಸರ."

ಮರುದಿನ ಗೋಡೆಯ ಕಟ್ಟಳೆಯ ಕೆಳಗೆ ಇನ್ನೊಂದು ಸಾಲು ಬರೆದ: ಚೆಲ್ಲಿದರೆ ಬಂದು ಹೇಳಿ, ಬೈಯುವುದಿಲ್ಲ. ಮುಂಗೋಪದ ಅವನಿಗೆ ಅದು ಸುಲಭವಾಗಿರಲಿಲ್ಲ. ಎಷ್ಟೋ ಸಲ ಆ ಸಾಲಿನತ್ತ ನೋಡಿ ತುಟಿ ಕಚ್ಚಿಕೊಳ್ಳುತ್ತಿದ್ದ. ಆದರೆ ಅಳಿಸಲಿಲ್ಲ.